ಹಳೇ ಚಿಕ್ಕ ಕಾರು ಸ್ಟಾರ್ಟ್ ಆಗ್ತಿಲ್ವಾ? ಬಿಡಿಭಾಗ ಕೊಳ್ಳುವ ಮುಂಚೆ ಹೀಗೆ ನೋಡಿ

ಕೀ ತಿರುಗಿಸಿದರೂ ಕಾರು ಸ್ಟಾರ್ಟ್ ಆಗಲಿಲ್ಲ. ಆಗ ಹೆಚ್ಚಿನವರು ಏನು ಮಾಡುತ್ತಾರೆ? ಇನ್ನೊಂದು ಸಲ ಸೆಲ್ಫ್ ಹೊಡೆಯುತ್ತಾರೆ. ಮತ್ತೊಂದು ಸಲ. ಬ್ಯಾಟರಿ ಪೂರ್ತಿ ಇಳಿಯುವ ತನಕ ಮಗದೊಂದು ಸಲ. ಅಷ್ಟರಲ್ಲಿ ಮೊದಲಿದ್ದ ತೊಂದರೆಗೆ ಎರಡನೆಯದೂ ಸೇರಿಕೊಂಡು, ಮೂಲ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಶುರುವಾಗುತ್ತದೆ ಊಹೆಯ ಖರ್ಚು. ಹೊಸ ಬ್ಯಾಟರಿ ಹಾಕಿಸಿ ನೋಡಿದ್ದು, ಸೆಲ್ಫ್ ಮೋಟಾರ್ ಬಿಚ್ಚಿಸಿದ್ದು, ಪ್ಲಗ್ ಬದಲಿಸಿದ್ದು. ಕೊನೆಗೆ ನೋಡಿದರೆ ಒಂದು ನಟ್ ಸಡಿಲವಾಗಿತ್ತು ಅಷ್ಟೇ.

ಹಳೇ ಚಿಕ್ಕ ಕಾರುಗಳಲ್ಲಿ ಒಂದು ಅನುಕೂಲ ಇದೆ. ಬಾನೆಟ್ ಎತ್ತಿದರೆ ಮುಖ್ಯವಾದ ಭಾಗಗಳೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೂ ಸಿಗುತ್ತವೆ. ಒಂದು ಸಾಧಾರಣ ಮಲ್ಟಿಮೀಟರ್, ಹತ್ತು ಎಂಎಂ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಒಂದು ತುಂಡು ಎಮರಿ ಪೇಪರ್, ಮತ್ತೆ ಒಳಗೆ ಕೂತು ಕೀ ತಿರುಗಿಸಲು ಇನ್ನೊಬ್ಬರು. ಇಷ್ಟಿದ್ದರೆ ತೊಂದರೆ ಯಾವ ಕಡೆ ಇದೆ ಅಂತ ಕಂಡುಕೊಳ್ಳಬಹುದು. ರಿಪೇರಿ ನೀವೇ ಮಾಡದಿದ್ದರೂ ಪರವಾಗಿಲ್ಲ.

ಶುರು ಮಾಡುವ ಮುಂಚೆ ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ಫ್ಯಾನ್, ಬೆಲ್ಟ್ ಹತ್ತಿರ ಸಡಿಲ ಬಟ್ಟೆ ಬರದಂತೆ ನೋಡಿಕೊಳ್ಳಿ. ಒಂದು ಸಲಕ್ಕೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಚಿಕ್ಕ ಕಾರಿನ ಸೆಲ್ಫ್ ಮೋಟಾರ್ ಕೂಡ ನೂರು ಆಂಪಿಯರ್ ಅಥವಾ ಅದಕ್ಕೂ ಜಾಸ್ತಿ ಎಳೆಯುತ್ತದೆ. ಸುಮ್ನೆ ಹೊಡೆಯುತ್ತಾ ಹೋದರೆ ಅದೇ ಸುಟ್ಟುಹೋಗುತ್ತದೆ.

ಮೊದಲು ಶಬ್ದ ಕೇಳಿ

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯ ಒಂದೇ: ಎಂಜಿನ್ ತಿರುಗುತ್ತಿದೆಯೋ ಇಲ್ಲವೋ? ತಿರುಗದಿದ್ದರೆ ಪೆಟ್ರೋಲ್, ಪ್ಲಗ್ ಎಲ್ಲ ಮರೆತುಬಿಡಿ. ತೊಂದರೆ ಬ್ಯಾಟರಿ, ವೈರ್, ಸೆಲ್ಫ್ ಮೋಟಾರ್ ಈ ಸಾಲಿನಲ್ಲೇ ಇದೆ. ಚೆನ್ನಾಗಿ ತಿರುಗುತ್ತಿದ್ದೂ ಹಿಡಿದುಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಬೇಡಿ, ಸ್ಪಾರ್ಕ್ ಅಥವಾ ಪೆಟ್ರೋಲ್ ಕಡೆ ನೋಡಿ.

ರೇಡಿಯೋ, ಎಸಿ, ಬ್ಲೋವರ್ ಎಲ್ಲ ಆಫ್ ಮಾಡಿ, ಕಿಟಕಿ ಇಳಿಸಿ, ಒಂದೇ ಒಂದು ಸಲ ಕೀ ತಿರುಗಿಸಿ ಕೇಳಿಸಿಕೊಳ್ಳಿ.

ಟಕಟಕಟಕ ಅಂತ ಒಂದೇ ಸಮ ಹೊಡೆದುಕೊಂಡರೆ ಬ್ಯಾಟರಿಯಲ್ಲಿ ಜೀವ ಕಡಿಮೆ ಇದೆ, ಇಲ್ಲವೇ ಟರ್ಮಿನಲ್‌ನಲ್ಲಿ ಲೂಸ್ ಕಾಂಟ್ಯಾಕ್ಟ್ ಇದೆ. ಗಟ್ಟಿಯಾಗಿ ಒಂದೇ ಒಂದು ‘ಟಕ್’ ಕೇಳಿ ಆಮೇಲೆ ಸದ್ದೇ ಇಲ್ಲವಾದರೆ ಸೊಲೆನಾಯ್ಡ್ (ಸೆಲ್ಫ್ ಮೋಟಾರ್‌ಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್) ಕೆಲಸ ಮಾಡಿದೆ, ಆದರೆ ಮೋಟಾರ್‌ಗೆ ಸಾಕಷ್ಟು ಕರೆಂಟ್ ಹೋಗುತ್ತಿಲ್ಲ ಅಥವಾ ಹೋದರೂ ಅದು ತಿರುಗುತ್ತಿಲ್ಲ. ಮೋಟಾರ್ ಮಾತ್ರ ಗಿರ್ರನೆ ತಿರುಗಿ ಎಂಜಿನ್ ಅಲ್ಲಾಡದಿದ್ದರೆ ಸೆಲ್ಫ್‌ನ ಪಿನಿಯನ್ (ಚಿಕ್ಕ ಹಲ್ಲುಚಕ್ರ) ಎಂಜಿನ್‌ನ ಫ್ಲೈವೀಲ್ ಹಲ್ಲಿಗೆ ಕೂರುತ್ತಿಲ್ಲ. ಕರಕರ ಅಂತ ಹಲ್ಲು ಉಜ್ಜಿದ ಸದ್ದು ಬಂದರೆ ಆ ಹಲ್ಲುಗಳೇ ಸವೆದಿರಬಹುದು. ಇಂಥ ಕಾರನ್ನು ಗೇರ್‌ನಲ್ಲಿ ಹಾಕಿ ಸ್ವಲ್ಪ ಹಿಂದೆಮುಂದೆ ತಳ್ಳಿದರೆ ಎಂಜಿನ್ ಬೇರೆ ಜಾಗಕ್ಕೆ ತಿರುಗಿ ಸ್ಟಾರ್ಟ್ ಆಗುವುದುಂಟು. ತಳ್ಳುವಾಗ ಕೀ ಆಫ್ ಇರಲಿ.

ಎರಡು ಸದ್ದು ಕೇಳಿದರೆ ಮಾತ್ರ ಕೈ ತಡೆಯಿರಿ. ಒಂದು, ‘ಧಪ್’ ಅಂತ ಬಡಿದು ಎಂಜಿನ್ ಅಲ್ಲೇ ನಿಲ್ಲುವುದು. ಅದರಲ್ಲೂ ಕಾರು ನೀರು ನಿಂತ ರಸ್ತೆಯಲ್ಲಿ ಹೋಗಿ ಬಂದಿದ್ದರೆ ಸಿಲಿಂಡರ್ ಒಳಗೆ ನೀರು ಸೇರಿರಬಹುದು. ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ, ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎರಡನೆಯದು, ಎಂಜಿನ್ ಎಂದಿಗಿಂತ ವೇಗವಾಗಿ, ಏರಿಳಿತವೇ ಇಲ್ಲದೆ ಸರಾಗವಾಗಿ ತಿರುಗುವುದು. ಸಾಮಾನ್ಯವಾಗಿ ಸೆಲ್ಫ್ ಹೊಡೆದಾಗ ಒಂದೊಂದು ಸಿಲಿಂಡರ್ ಗಾಳಿ ಒತ್ತುವ ಲಯ ಕೇಳಿಸುತ್ತದೆ. ಆ ಲಯವೇ ಇಲ್ಲ ಅಂದರೆ ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರುವ ಸಾಧ್ಯತೆ ಇದೆ. ಕೆಲವು ಎಂಜಿನ್‌ಗಳಲ್ಲಿ ಹಾಗಾದಾಗ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಈ ಎರಡರಲ್ಲಿ ಯಾವುದಾದರೂ ಸರಿ, ಮತ್ತೆ ಸೆಲ್ಫ್ ಹೊಡೆಯದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಹೆಡ್‌ಲೈಟ್ ಹಾಕಿ ನೋಡಿ

ಎಂಜಿನ್ ತಿರುಗುತ್ತಿಲ್ಲ, ಮೀಟರ್ ಕೈಯಲ್ಲಿಲ್ಲ. ಆಗ ಹೆಡ್‌ಲೈಟ್ ಹಾಕಿ, ಕಾರಿನ ಮುಂದೆ ಗೋಡೆ ಇದ್ದರೆ ಬೆಳಕನ್ನು ಅದರ ಮೇಲೆ ಬಿಡಿ. ಈಗ ಕೀ ತಿರುಗಿಸಿ.

ಲೈಟ್ ಪೂರ್ತಿ ಆರಿಹೋದರೆ ಅಥವಾ ಕೆಂಪಗೆ ಮಿಣುಕಿದರೆ ಬ್ಯಾಟರಿ ಇಲ್ಲವೇ ಟರ್ಮಿನಲ್. ಲೈಟ್ ಒಂಚೂರೂ ಕುಗ್ಗದೆ ಹಾಗೇ ಉರಿದು, ಸೆಲ್ಫ್ ಮೌನವಾಗಿದ್ದರೆ ಸೆಲ್ಫ್ ತನಕ ಆಜ್ಞೆಯೇ ಹೋಗುತ್ತಿಲ್ಲ. ಸ್ವಲ್ಪ ಮಂಕಾಗಿ, ‘ಟಕ್’ ಕೇಳಿಸಿ, ಎಂಜಿನ್ ತಿರುಗದಿದ್ದರೆ ಸೆಲ್ಫ್ ಮೋಟಾರ್ ಅಥವಾ ಅದಕ್ಕೆ ಹೋಗುವ ದಪ್ಪ ಕೇಬಲ್ ಕಡೆ ಅನುಮಾನ ಪಡಿ.

ಆಜ್ಞೆ ಹೋಗದಿರುವುದಕ್ಕೆ ಕಾರಣಗಳು ಕೆಲವೇ. ಇಗ್ನಿಷನ್ ಸ್ವಿಚ್ ಒಳಗೆ ಸವೆದಿರುತ್ತದೆ. ಕೀ ಸ್ವಲ್ಪ ಅಲ್ಲಾಡಿಸಿ ತಿರುಗಿಸಿದಾಗ ಮಾತ್ರ ಸ್ಟಾರ್ಟ್ ಆಗುತ್ತಿದ್ದರೆ ಅದೇ. ಆಟೊಮ್ಯಾಟಿಕ್ ಕಾರಾದರೆ ಪಾರ್ಕ್ ಬದಲು ನ್ಯೂಟ್ರಲ್‌ಗೆ ಹಾಕಿ ನೋಡಿ. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರಾದರೆ ಪೆಡಲ್ ಮೇಲ್ಗಡೆಯ ಚಿಕ್ಕ ಸ್ವಿಚ್ ಸರಿದಿರಬಹುದು, ಅದನ್ನು ಕೈಯಲ್ಲೇ ಒತ್ತಿ ನೋಡಬಹುದು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಸ್ವಿಚ್), ಫ್ಯೂಸ್ ಇದ್ದೇ ಇವೆ. ಇವೆಲ್ಲ ಸರಿ ಇದ್ದರೆ ಸೆಲ್ಫ್‌ನ ಸೊಲೆನಾಯ್ಡ್‌ಗೆ ಹೋಗುವ ತೆಳು ವೈರ್ ನೋಡಿ. ಅದರ ಕ್ಲಿಪ್ ಸಡಿಲವಾಗಿ ಕಳಚಿಕೊಳ್ಳುವುದು ಹಳೇ ಕಾರುಗಳಲ್ಲಿ ಹೊಸ ಮಾತೇನಲ್ಲ.

ಬ್ಯಾಟರಿ, ಅದಕ್ಕಿಂತ ಮುಖ್ಯವಾಗಿ ಟರ್ಮಿನಲ್

ಕಾರು ಕೆಲವು ಗಂಟೆ ನಿಂತ ಮೇಲೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಚಾರ್ಜ್ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಉಳಿದ ಮಾತು. ಆದರೆ ಸುಮ್ಮನೆ ನಿಂತಾಗ ಸಿಗುವ ವೋಲ್ಟ್ ನೋಡಿ ಮೋಸ ಹೋಗಬೇಡಿ. ಸತ್ತ ಬ್ಯಾಟರಿಯೂ ಚಾರ್ಜ್ ಮಾಡಿದ ಮೇಲೆ 12.5 ತೋರಿಸುವುದುಂಟು. ನಿಜವಾದ ಪರೀಕ್ಷೆ ಸೆಲ್ಫ್ ಹೊಡೆಯುವಾಗಲೇ. ಒಬ್ಬರು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ಆಗ ಸುಮಾರು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಗೆ ಹೊರುವ ಶಕ್ತಿ ಇಲ್ಲ ಅಂತ ಅರ್ಥ. ಹತ್ತು, ಹತ್ತೂವರೆಯಲ್ಲಿ ನಿಂತೂ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿ ನಿರಪರಾಧಿ. ನಷ್ಟ ದಾರಿಯಲ್ಲಿ ಎಲ್ಲೋ ಆಗುತ್ತಿದೆ.

ಆ ‘ಎಲ್ಲೋ’ ಅನ್ನುವುದು ಬಹಳ ಸಲ ಟರ್ಮಿನಲ್ಲೇ. ಬಿಳಿ, ಹಸಿರು ಪುಡಿ ಕಟ್ಟಿದ ಟರ್ಮಿನಲ್ ಯಾರ ಕಣ್ಣಿಗಾದರೂ ಬೀಳುತ್ತದೆ. ಮೋಸ ಮಾಡುವುದು ನೋಡಲು ಸ್ವಚ್ಛವಾಗಿರುವ ಟರ್ಮಿನಲ್. ನಟ್ ಬಿಚ್ಚಿ, ಕ್ಲ್ಯಾಂಪ್ ಎತ್ತಿ, ಅದರ ಒಳಗಿನ ಸುತ್ತನ್ನು ಬೆಳಕಿಗೆ ಹಿಡಿಯಿರಿ. ಸೀಸದ ಹೊಳಪು ಇರಬೇಕಾದ ಕಡೆ ಮಂಕಾದ, ಕಪ್ಪು ಮಿಶ್ರಿತ ಬೂದು ಬಣ್ಣದ ತೆಳುವಾದ ಪದರ ಕಾಣಿಸುತ್ತದೆ. ಬ್ಯಾಟರಿಯ ಕಂಬದ ಮೇಲೂ ಅದೇ. ಉಗುರಿನಿಂದ ಕೆರೆದರೆ ಕೆಳಗೆ ಲೋಹ ಮಿಂಚುತ್ತದೆ. ಆ ಪದರದ ಮೂಲಕ ಡ್ಯಾಶ್‌ಬೋರ್ಡ್ ಲೈಟ್‌ಗೆ, ಹಾರ್ನ್‌ಗೆ ಸಾಕಾಗುವಷ್ಟು ಕರೆಂಟ್ ಆರಾಮಾಗಿ ಹೋಗುತ್ತದೆ. ಸೆಲ್ಫ್ ಕೇಳುವ ನೂರಾರು ಆಂಪಿಯರ್ ಮಾತ್ರ ದಾಟುವುದಿಲ್ಲ. ‘ಲೈಟ್ ಎಲ್ಲ ಚೆನ್ನಾಗಿ ಉರೀತಿದೆ, ಹಾರ್ನ್ ಹೊಡೀತಿದೆ, ಸೆಲ್ಫ್ ಮಾತ್ರ ಎತ್ತುತ್ತಿಲ್ಲ’ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಬಾಡಿಗೆ ತಗುಲಿದರೂ ಕಿಡಿ ಹಾರಬಾರದು ಅಂತ ಈ ಕ್ರಮ. ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಎಮರಿ ಪೇಪರ್‌ನಿಂದ ಎರಡೂ ಕಡೆ ಮಿಂಚುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿ. ಕೈಯಿಂದ ತಿರುಚಿದರೆ ಕ್ಲ್ಯಾಂಪ್ ಅಲ್ಲಾಡಬಾರದು. ವ್ಯಾಸ್ಲಿನ್ ಹಚ್ಚುವುದಾದರೆ ಬಿಗಿ ಮಾಡಿದ ಮೇಲೆ, ಹೊರಗಡೆ ಮಾತ್ರ.

ಉಜ್ಜುವ ಮೊದಲೇ ಖಚಿತ ಮಾಡಿಕೊಳ್ಳಬೇಕಾದರೆ ಮೀಟರ್‌ನ ಒಂದು ಮುಳ್ಳನ್ನು ಬ್ಯಾಟರಿ ಕಂಬದ ನೆತ್ತಿಗೂ ಇನ್ನೊಂದನ್ನು ಕ್ಲ್ಯಾಂಪ್‌ಗೂ ಇಟ್ಟು ಸೆಲ್ಫ್ ಹೊಡೆಸಿ. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಇದೇ ಪರೀಕ್ಷೆಯನ್ನು ಬ್ಯಾಟರಿ ಮೈನಸ್ ಕಂಬ ಮತ್ತು ಎಂಜಿನ್ ಬ್ಲಾಕ್ ನಡುವೆ ಮಾಡಿ. 0.2, 0.3 ವೋಲ್ಟ್ ದಾಟಿದರೆ ಎಂಜಿನ್‌ನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಎಳೆ ಎಳೆಯಾಗಿ ಹರಿದಿದೆ. ಮೀಟರ್ ಇಲ್ಲದವರು ಒಂದು ಜಂಪರ್ ಕೇಬಲ್‌ನಿಂದ ಬ್ಯಾಟರಿ ಮೈನಸ್ ಮತ್ತು ಎಂಜಿನ್‌ನ ಬರಿಯ ಲೋಹವನ್ನು ಜೋಡಿಸಿ ಸೆಲ್ಫ್ ಹೊಡೆಯಲಿ. ಎಂಜಿನ್ ಜೋರಾಗಿ ತಿರುಗಿದರೆ ಅರ್ತ್ ಪಟ್ಟಿಯದೇ ತಪ್ಪು. ನನ್ನನ್ನು ಕೇಳಿದರೆ, ಸೆಲ್ಫ್ ಮೋಟಾರ್ ಬಿಚ್ಚುವ ಮುಂಚೆ ಈ ಒಂದು ಪರೀಕ್ಷೆ ಮಾಡದ ಮೆಕ್ಯಾನಿಕ್‌ಗೆ ಕೆಲಸ ಕೊಡಲು ಯೋಚಿಸಬೇಕು.

ಬ್ಯಾಟರಿ ಸರಿ, ಕೇಬಲ್ ಸರಿ, ಸೊಲೆನಾಯ್ಡ್ ವೈರ್‌ಗೂ ಕರೆಂಟ್ ಬರುತ್ತಿದೆ, ಆದರೂ ತಿರುಗುತ್ತಿಲ್ಲವಾದರೆ ಈಗ ಸೆಲ್ಫ್ ಮೋಟಾರ್ ಸರದಿ. ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗ ಮೋಟಾರ್ ಮೈಮೇಲೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಥಟ್ಟನೆ ಎದ್ದು ತಿರುಗಿದರೆ ಒಳಗೆ ಕಾರ್ಬನ್ ಬ್ರಷ್ ಸವೆದಿದೆ. ಇದು ಮನೆ ಸೇರಿಕೊಳ್ಳಲು ಉಪಾಯ, ರಿಪೇರಿ ಅಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೊಲೆನಾಯ್ಡ್ ಶಾರ್ಟ್ ಮಾಡುವ ಹಳೇ ಚಾಳಿ ಬೇಡ. ಗೇರ್‌ನಲ್ಲಿದ್ದರೆ ಕಾರು ನಿಮ್ಮ ಮೇಲೇ ಬರುತ್ತದೆ.

ಜಂಪ್ ಮಾಡುವ (ಬೇರೆ ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವ) ಕ್ರಮ

1. ಕೆಂಪು ಕೇಬಲ್‌ನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್‌ಗೆ.
2. ಅದರ ಇನ್ನೊಂದು ತುದಿ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲ್‌ನ ಒಂದು ತುದಿ ಒಳ್ಳೇ ಬ್ಯಾಟರಿಯ ಮೈನಸ್‌ಗೆ.
4. ಉಳಿದ ತುದಿ ನಿಮ್ಮ ಎಂಜಿನ್‌ನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ.

ಕೊನೆಯ ತುದಿ ಸಿಕ್ಕಿಸುವಾಗ ಕಿಡಿ ಬರುತ್ತದೆ, ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಹತ್ತಿಕೊಳ್ಳುವ ಗುಣದ್ದು. ಅದಕ್ಕೇ ದೂರ. ಕೇಬಲ್ ಸಿಕ್ಕಿಸಿ ಐದು ನಿಮಿಷ ಒಳ್ಳೇ ಬ್ಯಾಟರಿಯ ಕಾರಿನ ಎಂಜಿನ್ ಓಡಲಿ, ಆಮೇಲೆ ನಿಮ್ಮದನ್ನು ಹೊಡೆಯಿರಿ. ಬಿಚ್ಚುವುದು ಸಿಕ್ಕಿಸಿದ್ದರ ಉಲ್ಟಾ ಕ್ರಮದಲ್ಲಿ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರ್ ಕಾರಿಗೆ ಮಾತ್ರ. ಕೀ ಆನ್, ಎರಡನೇ ಗೇರ್, ಕ್ಲಚ್ ಒತ್ತಿ, ವೇಗ ಬಂದಾಗ ಕ್ಲಚ್ ಬಿಡಿ. ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಬಗೆಯ ಭಾಗ) ಇರುವ ಕಾರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ) ಕಾರಿನ ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಬೆವರು ಸುರಿಸುವುದಷ್ಟೇ ಲಾಭ. ಆ ಕಂಪ್ಯೂಟರ್ ಆದ ಇಸಿಯುಗೂ ಟ್ಯಾಂಕ್‌ನ ಪೆಟ್ರೋಲ್ ಪಂಪ್‌ಗೂ ಮೊದಲು ಕರೆಂಟ್ ಬೇಕಲ್ವಾ?

ತಿರುಗುತ್ತದೆ, ಹಿಡಿಯುವುದಿಲ್ಲ

ಈಗ ಇನ್ನೊಂದು ಕವಲು. ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ನಗಬೇಡಿ, ಹಳೇ ಕಾರಿನ ಫ್ಯೂಯಲ್ ಗೇಜ್ ಸುಳ್ಳು ಹೇಳುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಅಥವಾ ಬೀಗದ ಚಿತ್ರದ ಲೈಟ್ ಬಿಡದೆ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಎರಡನೇ ಕೀ ಇದ್ದರೆ ಹಾಕಿ ನೋಡಿ.

ಅದೂ ಅಲ್ಲವಾದರೆ ಸ್ವಲ್ಪ ಹೊತ್ತು ಸೆಲ್ಫ್ ಹೊಡೆದು ತಕ್ಷಣ ಒಂದು ಪ್ಲಗ್ ಬಿಚ್ಚಿ. ಎಲ್ಲಿ ಹುಡುಕಬೇಕು ಅಂತ ಆ ಪ್ಲಗ್ಗೇ ಹೇಳುತ್ತದೆ. ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ಹತ್ತಿಕೊಂಡಿಲ್ಲ. ಸ್ಪಾರ್ಕ್ ಕಡೆ ಹೋಗಿ. ಒಣಗಿದ್ದು ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒಣ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಗಾಳಿ ಕಮ್ಮಿ ಮಾಡುವ ಚೋಕ್ ಸಿಕ್ಕಿಕೊಂಡಿರಬಹುದು. ಎಣ್ಣೆಯ ಜಿಡ್ಡು ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಆದರೆ ಅದು ಇವತ್ತಿನ ಸಮಸ್ಯೆ ಅಲ್ಲದೆಯೂ ಇರಬಹುದು.

ಸ್ಪಾರ್ಕ್ ನೋಡಲು ಸ್ಪಾರ್ಕ್ ಟೆಸ್ಟರ್ ಬಳಸುವುದು ಒಳ್ಳೇದು. ಇಲ್ಲದಿದ್ದರೆ ಬಿಚ್ಚಿದ ಪ್ಲಗ್ಗನ್ನು ಅದರ ವೈರ್‌ಗೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈಯನ್ನು ಎಂಜಿನ್ ಲೋಹಕ್ಕೆ ಬಿಗಿಯಾಗಿ ತಗುಲಿಸಿಟ್ಟು, ಕೈ ದೂರ ತೆಗೆದು, ನೆರಳಲ್ಲಿ ಸೆಲ್ಫ್ ಹೊಡೆಸಿ. ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಹಾಗಾಗಿ ಪ್ಲಗ್ಗನ್ನು ತೂತಿನಿಂದ ದೂರ ಇಡಿ. ಇಂಜೆಕ್ಷನ್ ಕಾರಾದರೆ ಮೊದಲು ಪೆಟ್ರೋಲ್ ಪಂಪ್ ರಿಲೇ ಕಿತ್ತಿಡಿ. ಕರೆಂಟ್ ಹತ್ತಿಪ್ಪತ್ತು ಸಾವಿರ ವೋಲ್ಟ್ ಇರುತ್ತದೆ, ಕೈಯಲ್ಲಿ ಹಿಡಿದು ನೋಡುವ ಧೈರ್ಯ ಬೇಡ. ನೀಲಿ ಬಿಳುಪಿನ, ಚಟಚಟ ಅನ್ನುವ ಕಿಡಿ ಬಂದರೆ ಸರಿ. ಹಳದಿ ಬಣ್ಣದ ನಿತ್ರಾಣ ಕಿಡಿ ಸಾಲದು.

ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಇರುವ ಕಾರಲ್ಲಿ ಕಿಡಿ ಇಲ್ಲದಿದ್ದರೆ ಅದರ ಕ್ಯಾಪ್ ತೆಗೆಯಿರಿ. ಒಳಗೆ ತೇವ ಇದ್ದರೆ ಒಣ ಬಟ್ಟೆಯಿಂದ ಒರೆಸಿದರೇ ಕಾರು ಸ್ಟಾರ್ಟ್ ಆಗಬಹುದು. ಮಳೆ ಬಂದ ಮರುದಿನ ಬೆಳಗ್ಗೆ ಕೈಕೊಡುವ ಕಾರಿಗೆ ಮೊದಲ ಮದ್ದು ಇದೇ. ಕ್ಯಾಪ್ ಒಳಗೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಅದು ಬಿರುಕು, ಅಥವಾ ಕಿಡಿ ಅಡ್ಡದಾರಿ ಹಿಡಿದು ಬಿಟ್ಟ ಕಾರ್ಬನ್ ಜಾಡು. ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಬೇಕು. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಇರುವ ಇನ್ನೂ ಹಳೇ ಕಾರಾದರೆ ಅದರ ಮುಖ ಉಜ್ಜಿ, ಗ್ಯಾಪ್ ನೋಡಿ. ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್ ಇರುತ್ತದೆ, ಖಚಿತ ಅಳತೆ ಕಾರಿನ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಡಿಸ್ಟ್ರಿಬ್ಯೂಟರ್ ಇಲ್ಲದ ಕಾರಲ್ಲಿ ಯಾವ ಪ್ಲಗ್‌ಗೂ ಕಿಡಿ ಇಲ್ಲದಿದ್ದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಆರ್‌ಪಿಎಂ ಮೀಟರ್ ಇದ್ದರೆ ಸೆಲ್ಫ್ ಹೊಡೆಯುವಾಗ ಮುಳ್ಳು ಒಂಚೂರು ಮೇಲೇಳುತ್ತದಾ ನೋಡಿ. ಹಲವು ಕಾರುಗಳಲ್ಲಿ ಆ ಸೆನ್ಸರ್ ಕೈಕೊಟ್ಟಾಗ ಮುಳ್ಳು ಅಲುಗಾಡುವುದೇ ಇಲ್ಲ.

ಪೆಟ್ರೋಲ್ ಕಡೆಯ ಪರೀಕ್ಷೆ ಇಂಜೆಕ್ಷನ್ ಕಾರಲ್ಲಿ ಸುಲಭ. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟ್ ಕೆಳಗಿಂದ, ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ‘ಜ್ಜ್’ ಅಂತ ಪಂಪ್ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಹಾರ್ನ್‌ಗೆ ಅದೇ ನಂಬರಿನ ರಿಲೇ ಇದ್ದರೆ ಎರಡನ್ನೂ ಅದಲು ಬದಲು ಮಾಡಿ. ಪಂಪ್ ಹಾಡಲು ಶುರು ಮಾಡಿದರೆ ರಿಲೇ ಹೋಗಿದೆ. ಕೆಲವು ಕಾರುಗಳಲ್ಲಿ ಗುದ್ದು ಬಿದ್ದಾಗ ಪಂಪ್ ನಿಲ್ಲಿಸುವ ಸ್ವಿಚ್ ಇರುತ್ತದೆ, ದೊಡ್ಡ ಗುಂಡಿಗೆ ಇಳಿದರೂ ಅದು ಬೀಳಬಹುದು. ಒತ್ತಿದರೆ ಮತ್ತೆ ಕೂರುತ್ತದೆ. ಆದರೆ ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಅಂತ ನೋಡಿಕೊಂಡು ಒತ್ತಿ.

ಪಂಪ್ ಓಡುತ್ತಿದ್ದರೂ ಬೆಳಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತಿದ್ದರೆ ಹೀಗೆ ಮಾಡಿ. ಕೀ ಆನ್ ಮಾಡಿ ಪಂಪ್ ನಿಂತ ಮೇಲೆ ಆಫ್ ಮಾಡಿ, ಹೀಗೆ ಎರಡು ಮೂರು ಸಲ. ಆಮೇಲೆ ಹೊಡೆಯಿರಿ. ತಕ್ಷಣ ಹಿಡಿದರೆ ರಾತ್ರಿಯೆಲ್ಲ ಲೈನಿನ ಒತ್ತಡ ಇಳಿದುಹೋಗುತ್ತಿದೆ. ಪಂಪ್‌ನ ವಾಲ್ವ್ ಅಥವಾ ಸೋರುವ ಇಂಜೆಕ್ಟರ್ ಕಾರಣ.

ಕಾರ್ಬೊರೇಟರ್ ಕಾರಾದರೆ ಏರ್ ಕ್ಲೀನರ್ ಮುಚ್ಚಳ ತೆಗೆದು, ಕೀ ಆಫ್ ಇರುವಾಗಲೇ, ಅದರ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಕೇಬಲ್ ಎಳೆಯಿರಿ. ಸಣ್ಣ ಗೆರೆಯಾಗಿ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ತುಂಬಿಡುವ ಫ್ಲೋಟ್ ಚೇಂಬರ್ ಬರಿದಾಗಿರಬಹುದು. ಬಹಳ ದಿನ ನಿಂತ ಕಾರಲ್ಲಿ ಅದು ಆರಿಹೋಗುವುದು ಸಹಜ, ಇಲ್ಲವಾದರೆ ಫಿಲ್ಟರ್, ಪಂಪ್ ಡಯಾಫ್ರಮ್, ಒಣಗಿ ಬಿರುಕು ಬಿಟ್ಟ ರಬ್ಬರ್ ಪೈಪ್ ಇವುಗಳನ್ನು ನೋಡಿ. ಸೆಲ್ಫ್ ಹೊಡೆಯುವಾಗ ಮುಖವನ್ನು ಮಾತ್ರ ಅದರ ಮೇಲೆ ಬಾಗಿಸಬೇಡಿ, ಬ್ಯಾಕ್‌ಫೈರ್ ಆದರೆ ಬೆಂಕಿ ಮೇಲಕ್ಕೇ ಬರುತ್ತದೆ. ಪೆಟ್ರೋಲ್ ಓವರ್ ಆಗಿ ವಾಸನೆ ಹೊಡೆಯುತ್ತಿದ್ದರೆ ಚೋಕ್ ಒಳಗೆ ತಳ್ಳಿ, ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಹೊಡೆಯಿರಿ. ಪಂಪ್ ಮಾಡಬೇಡಿ, ಇನ್ನಷ್ಟು ಪೆಟ್ರೋಲ್ ಸೇರುತ್ತದೆ. ಎಷ್ಟೋ ಇಂಜೆಕ್ಷನ್ ಕಾರುಗಳಲ್ಲೂ ಪೆಡಲ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದನ್ನು ನಿಲ್ಲಿಸುತ್ತವೆ.

ಡೀಸೆಲ್ ಕಾರಿಗೆ ಪ್ಲಗ್ ಕಿಡಿಯ ಮಾತಿಲ್ಲ. ಚಳಿಯಲ್ಲಿ ಮಾತ್ರ ತೊಂದರೆ ಕೊಟ್ಟರೆ ಹೀಟರ್ ಪ್ಲಗ್, ಫಿಲ್ಟರ್ ಬದಲಿಸಿದ ಮೇಲೆ ಶುರುವಾದರೆ ಲೈನಿನಲ್ಲಿ ಗಾಳಿ.

ಬಿಸಿಯಲ್ಲೋ, ತಣ್ಣಗಿದ್ದಾಗಲೋ?

ಯಾವಾಗ ಕೈಕೊಡುತ್ತದೆ ಅನ್ನುವುದನ್ನು ಬರೆದಿಡಿ. ಮೆಕ್ಯಾನಿಕ್ ಹತ್ತಿರ ಹೋದಾಗ ಕಾರು ಸುಳ್ಳೇ ಸುಳ್ಳು ಸರಿಯಾಗಿ ಸ್ಟಾರ್ಟ್ ಆಗಿ ನಿಮ್ಮ ಮಾನ ಕಳೆಯುತ್ತದೆ, ಆಗ ಈ ಟಿಪ್ಪಣಿಯೇ ಆಧಾರ. ಚೆನ್ನಾಗಿ ಓಡಿ, ಬಿಸಿಯಾಗಿ ನಿಂತ ಕಾರು ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್, ಇಗ್ನಿಷನ್ ಕಾಯಿಲ್ ಇವೆರಡನ್ನು ನೋಡಬೇಕು. ಕಾರ್ಬೊರೇಟರ್ ಕಾರಾದರೆ ಪೈಪ್‌ನಲ್ಲೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿರಬಹುದು. ತಣ್ಣಗಿದ್ದಾಗ ಮಾತ್ರ ಹಠ ಮಾಡುವ ಇಂಜೆಕ್ಷನ್ ಕಾರಲ್ಲಿ ಕೂಲೆಂಟ್ ಸೆನ್ಸರ್ ತಪ್ಪು ಬಿಸಿ ತೋರಿಸುತ್ತಿರಬಹುದು. ಎಂಜಿನ್ ಈಗಾಗಲೇ ಬಿಸಿ ಇದೆ ಅಂದುಕೊಂಡು ಇಸಿಯು ಪೆಟ್ರೋಲ್ ಕಮ್ಮಿ ಬಿಡುತ್ತದೆ.

ಸ್ಟಾರ್ಟ್ ಆದ ಮೇಲೆ

ತಕ್ಷಣ ಆಫ್ ಮಾಡಬೇಡಿ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಗೆ ಮೀಟರ್ ಇಡಿ. 13.8ರಿಂದ 14.5 ವೋಲ್ಟ್ ಒಳಗೆ ಇರಬೇಕು. 12 ಚಿಲ್ಲರೆಯಲ್ಲೇ ನಿಂತರೆ ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಅದರ ಬೆಲ್ಟ್ ಸಡಿಲವಾಗಿದೆಯಾ ಅಂತ ಮೊದಲು ನೋಡಿ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಪರೀಕ್ಷಿಸುವವರು ಈಗಲೂ ಇದ್ದಾರೆ, ಅವರನ್ನು ತಡೆಯಿರಿ. ವೋಲ್ಟ್ ಒಮ್ಮೆಲೇ ಏರಿ ಇಸಿಯು ಸುಟ್ಟರೆ ಯಾರೂ ಹೊಣೆ ಹೊರುವುದಿಲ್ಲ.

ಚಾರ್ಜಿಂಗ್ ಸರಿ ಇದ್ದೂ ಎರಡು ದಿನ ನಿಂತರೆ ಬ್ಯಾಟರಿ ಇಳಿಯುತ್ತದಾ? ಹಾಗಾದರೆ ಏನೋ ಒಂದು ಕದ್ದು ಕರೆಂಟ್ ಎಳೆಯುತ್ತಿದೆ. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ಬ್ಯಾಟರಿ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಕಂಬದ ನಡುವೆ ಮೀಟರನ್ನು ಹತ್ತು ಆಂಪಿಯರ್ ರೇಂಜ್‌ನಲ್ಲಿ ಜೋಡಿಸಿ. ಹೀಗಿರುವಾಗ ಕೀ ಮುಟ್ಟಬೇಡಿ, ಸೆಲ್ಫ್ ಹೊಡೆದರೆ ಮೀಟರ್‌ನ ಫ್ಯೂಸ್ ಹಾರುತ್ತದೆ. ಇಪ್ಪತ್ತು ನಿಮಿಷ ಕಾಯಿರಿ. ಆಗಲೂ 50 ಮಿಲಿಆಂಪಿಯರ್‌ಗಿಂತ ಜಾಸ್ತಿ ತೋರಿಸುತ್ತಿದ್ದರೆ ಒಂದೊಂದೇ ಫ್ಯೂಸ್ ಕಿತ್ತು, ಮೀಟರ್ ನೋಡಿ, ಮತ್ತೆ ಹಾಕುತ್ತಾ ಹೋಗಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಆ ಸಾಲಿನಲ್ಲಿರುವ ಎಲ್ಲವನ್ನೂ ಪರೀಕ್ಷಿಸಿ. ಹೊರಗಿಂದ ಕೂರಿಸಿದ ಸ್ಟೀರಿಯೊ, ಆರದ ಡಿಕ್ಕಿ ಲೈಟ್, ಯಾವಾಗಲೋ ಹಾಕಿಸಿ ಮರೆತ ಅಲಾರಂ, ಹುಡುಕುವುದಾದರೆ ಈ ಮೂರರಿಂದ ಶುರು ಮಾಡಿ. ಯಾವ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ನೋಡಿ. ಅದರ ತುದಿ ಯಾವ ಲೋಹಕ್ಕೂ ತಗುಲದಂತೆ ಟೇಪ್ ಸುತ್ತಿಡಿ. ಆಗ ಇಳಿದರೆ ಆಲ್ಟರ್ನೇಟರ್ ಒಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹೋಗಿದೆ.